ಕ್ವೇಸಾರಿನ ಗೆರೆಗಳನ್ನು ನಾನು ತಿದ್ದಿದ್ದು

ನಿಮ್ಮಜ್ಜ ತೀರಿಕೊಂಡ ವರ್ಷವೇ ಬರವೂ ಬಿದ್ದಿತ್ತು. ಔರಾದ್ ಕಡೆಯ ನಮ್ಮ ಹಳ್ಳಿಯಲ್ಲಿ ಬಾವಿಗಳು ಬತ್ತಿದವು. ಅತ್ತೆ, ಮಾವ ಊರವರ ಜೊತೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟರು. ಗಂಡ ಸತ್ತವಳು ವರ್ಷದ ಕಾರ್ಯ ಮುಗಿಯುವವರೆಗೆ ಹೊಸಿಲು ದಾಟಬಾರದೆಂಬುದು ಅವರ ಮನೆತನದ ಕಟ್ಟಳೆ. ಹಾಗಾಗಿ ಆ ಕಟ್ಟಳೆ ಶುರುವಾಗುವ ಮೊದಲೇ ನನ್ನನ್ನೂ, ಎರಡು ವರ್ಷದ ಕೂಸಾಗಿದ್ದ ನಿಮ್ಮಪ್ಪನನ್ನೂ ಭಾಲ್ಕಿಯಲ್ಲಿ ನನ್ನ ಅಣ್ಣನ ಮನೆಯ ಒಳಕೋಣೆಯಲ್ಲಿ ಬಿಟ್ಟರು.

"ವರ್ಷ ಮುಗದ ಮ್ಯಾಲ ನಾನೇ ಬಂದು ಕರಕೊಂಡು ಹೋಗ್ತೇನ್ರಿ. ಮನಿ ಕಾಯಾಕ ಒಬ್ಬರು ಬೇಕಲ್ಲ," ಎಂದು ಮಾವ ಅಣ್ಣನಿಗೆ ಹೇಳಿದರು. ಖಾಲಿ ಊರು, ಖಾಲಿ ಮನೆ. ಉಳಿದ ಆಯುಷ್ಯವನ್ನೆಲ್ಲ ನಾನು ಅದನ್ನು ಕಾಯುತ್ತ ಕೂರಬೇಕಿತ್ತು.

ಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು. ಅದರಿಂದ ಬಿದ್ದ ಬಿಸಿಲಿನ ತುಂಡು ಬೆಳಿಗ್ಗೆ ಒಂದು ಗೋಡೆಯಿಂದ ಇಳಿದು, ನೆಲ ದಾಟಿ, ಸಂಜೆಗೆ ಎದುರು ಗೋಡೆ ಹತ್ತಿ ಹೋಗುತ್ತಿತ್ತು. ನಿಮ್ಮಪ್ಪ ಅಂಗಳಕ್ಕೆ ಓಡಿಹೋಗಿ "ಅವ್ವಾ, ಬಾ" ಎಂದು ಕರೆಯುತ್ತಿದ್ದ. ನಾನು ಹೊಸಿಲಿನ ಈಚೆ ಕೂತು ಕೈ ಚಾಚುತ್ತಿದ್ದೆ. ಅದಕ್ಕಿಂತ ಆಚೆ ನನ್ನ ಕೈ ಹೋಗುತ್ತಿರಲಿಲ್ಲ.

ಅಣ್ಣ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಬೀದರಿನಲ್ಲಿ ಶಿಕ್ಷಕಿಯರ ತರಬೇತಿ ಶಾಲೆಯೊಂದಕ್ಕೆ ಅವನನ್ನು ಕ್ವೇಸಾರ್ ಎಂಬ ಆಕಾಶಕಾಯದ ಕುರಿತು ಮಾತಾಡಲು ಕರೆದಿದ್ದರು. ತೂಗುಹಾಕುವ ನಕ್ಷೆಯನ್ನು ನನ್ನ ಕೈಯಲ್ಲೇ ಹೊಲಿಸುವೆನೆಂದ.

"ನೀ ಏಳನೇ ಪಾಸಾದಾಕಿ. ಈ ಕೈಕೆಲಸ ನೋಡಿ ಅಲ್ಲಿ ದೊಡ್ಡ ಅಕ್ಕೋರು ನಿನ್ನ ಸೇರಿಸ್ಕೊಂಡ್ರ, ನಿಮ್ಮ ಮಾವನ ಮುಂದ ಹೇಳಾಕ ನನಗೊಂದು ಮಾತಿರತದ."

ದೊಡ್ಡ ಅಕ್ಕೋರೆಂದರೆ ಆ ಶಾಲೆಯ ಮುಖ್ಯ ಉಪಾಧ್ಯಾಯಿನಿ. ನನಗೆ ಬೇರೆ ದಾರಿ ಇರಲಿಲ್ಲ. ಬಟ್ಟೆ ಯಾವುದೆಂದು ಕೇಳಿದೆ. ವೈನಿ, ಅಂದರೆ ಅಣ್ಣನ ಹೆಂಡತಿ, ಅವನ ಛತ್ರಿಯ ಕರಿಬಟ್ಟೆಯನ್ನೇ ಬಿಚ್ಚಿ ತಂದಳು. "ಈ ವರ್ಷ ಛತ್ರಿ ಯಾತಕ್ಕ? ಮಳಿ ಬಂದ್ರ ತೋಯ್ಸಿಕೋತಾರ ಬಿಡು."

ಅಣ್ಣ ಕೊಟ್ಟ ಹಾಳೆಯಲ್ಲಿ ಗೆರೆಗಳ ಎರಡು ಸಾಲಿದ್ದವು. ಕೆಳಗಿನದು ಪ್ರಯೋಗಶಾಲೆಯಲ್ಲಿ ಜಲಜನಕ ಅನಿಲದ ಬೆಳಕನ್ನು ಒಡೆದಾಗ ಕಾಣುವ ಗೆರೆಗಳು. ಮೇಲಿನದು ಕ್ವೇಸಾರಿನ ಬೆಳಕಿನವು. ಎಡಕ್ಕೆ ನೇರಳೆ ತುದಿ, ಬಲಕ್ಕೆ ಕೆಂಪು ತುದಿ. ಮೇಲಿನ ಗೆರೆಗಳು ಕೆಳಗಿನವಕ್ಕೆ ಕೂಡದೆ ಬಲಕ್ಕೆ ಸರಿದಿದ್ದವು. ಕೌದಿ ಹೊಲಿಯುವಾಗ ಮೇಲಿನ ಸಾಲು ಕೆಳಗಿನದಕ್ಕೆ ಕೂಡದಿದ್ದರೆ ಇಡೀ ಕೌದಿ ಸೊಟ್ಟಗಾಗುತ್ತದೆ. ಅಣ್ಣ ಅವಸರದಲ್ಲಿ ತಪ್ಪು ಬರೆದಿದ್ದಾನೆ ಎಂದುಕೊಂಡೆ. ಕೇಳಲು ಸಂಕೋಚವಾಯಿತು. ಮೇಲಿನ ಗೆರೆಗಳನ್ನು ಎಡಕ್ಕೆ ತಂದು, ಕೆಳಗಿನವುಗಳ ನೆತ್ತಿಗೆ ಸರಿಯಾಗಿ ಬಿಳಿ ದಾರದಲ್ಲಿ ಹೊಲಿದೆ.

ಹೊರಡುವ ಹಿಂದಿನ ಸಂಜೆ ಅಣ್ಣ ಅದನ್ನು ಬಿಡಿಸಿ ನೋಡಿ ತಲೆಯ ಮೇಲೆ ಕೈಹೊತ್ತು ಕೂತ.

"ತಂಗೀ, ಇದೇನು ಮಾಡಿಟ್ಟಿ?"

"ನೀ ಸೊಟ್ಟ ಬರದಿ ಅಂತ ತಿಳದೆ, ಅಣ್ಣಾ."

"ಅವರ ಅಕ್ಷರ ನೋಡಿದವರು ಯಾರಾದ್ರೂ ಹಂಗೇ ತಿಳೀತಾರ," ಎಂದಳು ವೈನಿ.

ಅಣ್ಣ ನಗಲಿಲ್ಲ. "ದುರ್ಬೀನಿನಾಗ ಅದು ಬರೇ ಚಿಕ್ಕಿ ಕಂಡಂಗ ಕಾಣತದ. ಆದ್ರ ನಕ್ಷತ್ರ ಅಲ್ಲ ಅದು. ಕೋಟಿಗಟ್ಟಲೆ ಚಿಕ್ಕಿ ಕೂಡಿದ್ರೂ ಅಷ್ಟು ಬೆಳಕಾಗೂದಿಲ್ಲ. ನಮ್ಮಿಂದ ಭಾಳ ಜೋರಿಲೆ ದೂರ ಹೊಂಟದ, ಅದಕ್ಕ ಗೆರಿ ಕೆಂಪಿನ ಕಡಿ ಸರದಾವ. ಎಷ್ಟು ಸರದಾವ ಅನ್ನೋದ್ರ ಮ್ಯಾಲೇ ಅದು ಎಷ್ಟು ದೂರ ಅದ ಅಂತ ತಿಳಿಯೋದು. ಮೊದಲು ನೋಡಿದ ಪಂಡಿತರಿಗೂ ಇವು ಜಲಜನಕದ ಗೆರಿ ಅಂತ ಗುರ್ತು ಹತ್ತಿರಲಿಲ್ಲ. ನೀ ನೋಡಿದ್ರ ಅದನ್ನ ತಂದು ನಮ್ಮ ಅಂಗಳದಾಗೇ ಕೂಡಿಸಿದಿ!"

ದೀಪಕ್ಕೆ ಸೀಮೆಎಣ್ಣೆ ಇರಲಿಲ್ಲ. ಬೆಳಗಿನ ಬಸ್ಸಿಗೆ ಅವನು ಹೊರಡಬೇಕು. ಬಿಚ್ಚಿ ಹೊಲಿಯುವುದು ಬಸ್ಸಿನಲ್ಲೇ ಆಗಬೇಕಿತ್ತು, ಹೊಲಿಯುವವಳು ನಾನೇ.

"ವರ್ಷ ತುಂಬಾಕ ಇನ್ನೂ ಎರಡು ತಿಂಗಳ ಅದ," ಎಂದ ಅಣ್ಣ, ನನ್ನ ಮುಖ ನೋಡದೆ.

"ಹೇಳಾವ್ರು ಯಾರದಾರ್ರೀ? ಊರಿಗೂರೇ ಖಾಲಿ ಆಗ್ಯಾವ," ಎಂದು ವೈನಿ ನಿಮ್ಮಪ್ಪನನ್ನು ಎತ್ತಿಕೊಂಡಳು. "ಹೋಗಿ ಬಾ. ಕೂಸು ನನ್ನ ಹಂತ್ಯಾಕ ಇರಲಿ."

ಬಸ್ಸಿನ ತುಂಬ ಗಂಟು ಮೂಟೆ ಹೊತ್ತು ಊರು ಬಿಟ್ಟವರು. ಹತ್ತು ತಿಂಗಳ ಮೇಲೆ ಬಯಲು ಕಂಡು ನನ್ನ ಕಣ್ಣು ಉರಿಯಿತು. ತಲೆ ತಗ್ಗಿಸಿ ದಾರ ಬಿಚ್ಚತೊಡಗಿದೆ. ಹಲಬರ್ಗಾದಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕ ಕೂತಳು.

"ಕೌದಿಗಿ ಕರೇ ಅರಿವಿ ಹಾಕ್ತಾರೇನವಾ? ಹೊಲದದ್ದು ಬಿಚ್ಚತಿ, ಬಿಚ್ಚಿದ್ದು ಹೊಲೀತಿ. ಯಾವ ಊರಾಕಿ ನೀ?"

ನಾನು ಊರು ಹೇಳಲಿಲ್ಲ. ಮಾವನಿಗೆ ಸುದ್ದಿ ಮುಟ್ಟೀತೆಂಬ ಹೆದರಿಕೆ.

ಬೀದರಿನಲ್ಲಿ ಅಣ್ಣ ನಕ್ಷೆಯನ್ನು ಕಿಟಕಿಗೆ ತೂಗುಹಾಕಿದ. ಛತ್ರಿಯ ಬಟ್ಟೆಯಲ್ಲಿ ಸೂಜಿಯ ತೂತು ಮುಚ್ಚಿಕೊಳ್ಳುವುದಿಲ್ಲ. ಬಿಚ್ಚಿದ ಗೆರೆಗಳ ಜಾಗದಲ್ಲಿ ತೂತಿನ ಸಾಲುಗಳು ಉಳಿದು, ಅವುಗಳಿಂದ ಬಿಸಿಲು ಹಾಯುತ್ತಿತ್ತು. ಮಾತು ಮುಗಿದ ಮೇಲೆ ದೊಡ್ಡ ಅಕ್ಕೋರು ಹತ್ತಿರ ಬಂದು ಕೇಳಿದರು, "ಈ ತೂತು ಏನು?"

ಅಣ್ಣ ನನ್ನತ್ತ ಕೈ ತೋರಿಸಿ ಬಾಯಿ ತೆರೆದ. "ಹೊಲದಾಕಿನೇ ಹೇಳಲಿ," ಎಂದರು ಅಕ್ಕೋರು.

ನಾನು ತೂತಿನ ಸಾಲು ತೋರಿಸಿದೆ. "ಗೆರಿ ಅಲ್ಲೇ ಇರಬೇಕು ಅಂತ ತಿಳದಿದ್ದೆರಿ. ಅವು ಅಲ್ಲಿಂದ ಇಲ್ಲೀತನಕ ಸರದಾವರಿ."

ಅವರು ತೂತಿನಿಂದ ದಾರದವರೆಗೆ ಬೆರಳಾಡಿಸಿದರು. "ನಿಮ್ಮಣ್ಣ ಒಂದು ತಾಸು ಹೇಳಿದ್ದು ಈಗ ತಿಳೀತು ನೋಡವಾ," ಎಂದು ನಕ್ಕು, ಅರ್ಜಿಯ ಹಾಳೆ ತೆಗೆದರು. ಅದರಲ್ಲಿ ಮನೆಯ ಹಿರಿಯರ ಸಹಿ ಬೇಕಿತ್ತು. ಮಾವ ಹೈದರಾಬಾದಿನಲ್ಲಿ ಎಲ್ಲಿದ್ದಾರೆಂದು ಯಾರಿಗೂ ತಿಳಿಯದು.

"ಹಂಗಾದ್ರ ಆ ಸಹಿ ನೀನೇ ಮಾಡು," ಎಂದರು ಅಕ್ಕೋರು.

ಮಾಡಿದೆ. ಅಂದು ಸಂಜೆಯೇ ಒಳಕೋಣೆಗೆ ಮರಳಿ ಉಳಿದೆರಡು ತಿಂಗಳು ಅಲ್ಲೇ ಕೂತೆ.

ವರ್ಷದ ಕಾರ್ಯಕ್ಕೆ ಮಾವ ಭಾಲ್ಕಿಗೆ ಬಂದರು. ಅಣ್ಣ ಮಾತು ಶುರು ಮಾಡುವ ಮೊದಲೇ ನಾನು ಎಲ್ಲ ಹೇಳಿದೆ. ಅವರು ಒಂದೇ ಮಾತು ಕೇಳಿದರು.

"ಹೊಸ್ತಿಲ ದಾಟಿದೇನು?"

"ದಾಟಿದೆರಿ."

ಕಾರ್ಯ ಮುಗಿಸಿ, ಅಣ್ಣನ ಮನೆಯ ನೀರೂ ಕುಡಿಯದೆ ಎದ್ದು ಹೋದರು. ನಾನು ಬೀದರಿಗೆ ಹೋಗಿ ತರಬೇತಿ ಸೇರಿದೆ. ಔರಾದಿನ ಮನೆಯ ಬಾಗಿಲು ಮುಂದೆಂದೂ ನಮಗೆ ತೆರೆಯಲಿಲ್ಲ. ತನ್ನ ಅಜ್ಜನ, ಅಂದರೆ ನನ್ನ ಮಾವನ, ಮುಖ ತನಗೇಕೆ ನೆನಪಿಲ್ಲವೆಂದು ನಿಮ್ಮಪ್ಪ ಎಷ್ಟೋ ಸಲ ಕೇಳಿದ್ದಾನೆ. ನಾನು ಪ್ರತಿ ಸಲವೂ ಬೇರೇನೋ ಹೇಳಿದ್ದೇನೆ. ಕಾರಣ ಇದು.