ಮೊಮ್ಮಗಳ ಕಾಲಿಗೆ ಹಚ್ಚಿದ ಎಣ್ಣೆ

ಸ್ವಾಹಿಲಿ ಮಾತಾಡುವ ಈ ಪರದೇಶದ ಊರಲ್ಲಿ, ಸೌತ್ ಸಿ ಎಂಬ ಬಡಾವಣೆಯ ನಮ್ಮ ಮನೆಯ ಹತ್ತಿರದ ಫುಟ್‌ಬಾಲ್ ಮೈದಾನದಲ್ಲಿ ರಗ್ಬಿ ಲೀಗ್ ಆಡಿಸಬೇಕೆಂಬ ಮಾತು ನಡೆಯುತ್ತಿದೆ. ಸಂಬಳ ತೆಗೆದುಕೊಂಡು ಆಡುವ ದೊಡ್ಡ ತಂಡಗಳೇ ಬರುತ್ತವಂತೆ. ಅದಕ್ಕೆ ಈ ನೆಲ ಆದೀತೇ ಎಂದು ನೋಡಲು ಕೆಲವರು ಬರುವವರಿದ್ದರು. ಅವರೆದುರು ಆಡಿ ತೋರಿಸಲು ಆರಿಸಿದ ಹುಡುಗಿಯರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆಟದ ನಿಯಮ ನನಗೇನು ಗೊತ್ತು. ಚೆಂಡು ಅಪ್ಪಿಕೊಂಡು ಓಡಬೇಕು, ಎದುರಿನವರು ಕಾಲು ಹಿಡಿದು ಕೆಡವುತ್ತಾರೆ, ಅಷ್ಟು ತಿಳಿದಿತ್ತು. ತರಕಾರಿಯವಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಸುದ್ದಿ ಹೇಳಿಕೊಂಡು ಬಂದೆ. ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಪಂದ್ಯದ ದಿನವೇ ಅವಳ ಹುಟ್ಟುಹಬ್ಬ. ನಮ್ಮಲ್ಲಿ ಹುಟ್ಟುಹಬ್ಬವೆಂದರೆ ಎಣ್ಣೆಶಾಸ್ತ್ರ ಆಗಲೇಬೇಕು. ಮಣೆ ಹಾಕಿ ಕೂರಿಸಿ ನೆತ್ತಿಗೆ ಒಂದು ಬೊಟ್ಟು ಮುಟ್ಟಿಸಿದ್ದರೆ ಸಾಕಿತ್ತು. ನನ್ನ ಕೈ ಅಲ್ಲಿಗೆ ನಿಲ್ಲಲಿಲ್ಲ. ಇಷ್ಟೊಂದು ಓಡುವ ಕಾಲು, ನರ ಸಡಿಲವಾಗಲಿ ಎಂದು ಹರಳೆಣ್ಣೆ ಬೆಚ್ಚಗೆ ಮಾಡಿ ತೊಡೆಯಿಂದ ಪಾದದವರೆಗೆ ನೀವಿದೆ.

"ಅಜ್ಜಿ, ಎನಫ್. ಐ ಆ್ಯಮ್ ಲೇಟ್."

"ಸುಮ್ನಿರೇ. ನಿಮ್ಮಮ್ಮಂಗೂ ಹೀಗೇ ತಿಕ್ಕಿ ಬೆಳೆಸಿದ್ದು."

ಸ್ನಾನಕ್ಕೆ ಹೋದರೆ ನಲ್ಲಿಯಲ್ಲಿ ನೀರಿಲ್ಲ. ಟವೆಲಿನಲ್ಲಿ ಒರೆಸಿಕೊಂಡು, ಚಡ್ಡಿ ತೊಟ್ಟು ಓಡಿದಳು.

ಮೊದಲ ಸಲ ಅವಳ ಕೈಗೆ ಚೆಂಡು ಬಂದಾಗ ಎದುರು ತಂಡದ ಎತ್ತರದ ಹುಡುಗಿಯೊಬ್ಬಳು ಕಾಲು ತಬ್ಬಿದಳು. ನನ್ನವಳು ಮೀನಿನ ಹಾಗೆ ಜಾರಿ ಗೆರೆ ದಾಟಿಬಿಟ್ಟಳು. ಎರಡನೇ ಸಲವೂ ಹಾಗೇ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿ, ಪಕ್ಕದವರ ಭುಜ ಅಲ್ಲಾಡಿಸಿ, "ನನ್ ಮೊಮ್ಮಗಳು" ಎಂದು ಕನ್ನಡದಲ್ಲೇ ಹೇಳಿದೆ. ಆಗ ಆ ಎತ್ತರದ ಹುಡುಗಿ ತನ್ನ ಅಂಗೈ ಮೂಸಿ, ರೆಫರಿಯ ಮುಂದೆ ಹಿಡಿದು, "ಮಫುತಾ" ಎಂದಳು.

ಅದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಅಂಗಡಿಯಲ್ಲಿ ನಾನು ಕಲಿತ ಮೊದಲ ಸ್ವಾಹಿಲಿ ಮಾತೇ ಅದು. ಎಣ್ಣೆ.

ರೆಫರಿ ಆಟ ನಿಲ್ಲಿಸಿ ಮೊಮ್ಮಗಳ ಮೊಣಕಾಲು ಮುಟ್ಟಿ ನೋಡಿ, ಹೊರಗೆ ನಡೆ ಎಂದು ಕೈ ತೋರಿಸಿದ. ಯಾರ ಹಿಡಿತಕ್ಕೂ ಸಿಗಬಾರದೆಂದು ಬೇಕೆಂದೇ ಹಚ್ಚಿಕೊಂಡು ಬಂದಿದ್ದಾಳೆ ಎಂದು ಅವರ ಲೆಕ್ಕ. ನೆಲ ನೋಡಲು ಬಂದವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ನನ್ನತ್ತ ಬೆರಳು ತೋರಿಸಲಿಲ್ಲ. ಗೆರೆಯಾಚೆ ಬಂದು ನಿಂತಳು. ನಾನು ಭೂಮಿಗಿಳಿದು ಹೋದೆ.

"ಅಮ್ಮಾ, ಏನ್ ಹಚ್ಚಿದೀಯ ಅವಳಿಗೆ?" ಎಂದಳು ನನ್ನ ಜೊತೆ ಆಟ ನೋಡಲು ಬಂದಿದ್ದ ಮಗಳು.

"ಹರಳೆಣ್ಣೆ ಕಣೇ."

"ಕಾಲಿಗಾ?"

"ಹುಟ್ಟಿದಬ್ಬ ಅಲ್ವಾ..."

"ಬಾ, ಹಂಗಂತ ಅವರಿಗೇ ಹೇಳು."

ರಟ್ಟೆ ಹಿಡಿದು ಕರೆದುಕೊಂಡು ಹೋದಳು. ಅವಳು ಇಂಗ್ಲಿಷಿನಲ್ಲಿ ಎಲ್ಲ ಹೇಳುತ್ತಿದ್ದರೆ ನಾನು ಸೆರಗು ಹಿಂಡುತ್ತ ಕಳ್ಳಿಯ ಹಾಗೆ ಪಕ್ಕದಲ್ಲಿ ನಿಂತಿದ್ದೆ. ರೆಫರಿ ನಗು ತಡೆದುಕೊಂಡ. ಎಣ್ಣೆಯ ಕಾಲಲ್ಲಿ ಗಳಿಸಿದ್ದು ಲೆಕ್ಕಕ್ಕಿಲ್ಲ, ಎಣ್ಣೆ ತೆಗೆದರೆ ಆಡಬಹುದು ಎಂದನಂತೆ.

ಹರಳೆಣ್ಣೆ ಬರೀ ನೀರಿಗೆ ಬಿಟ್ಟೀತೇ. ಮನೆಯಾಗಿದ್ದರೆ ಕಡಲೆಹಿಟ್ಟಿತ್ತು. ಗೇಟಿನ ಬಳಿ ಚಪಾತಿ ಮಾರುವ ಹೆಂಗಸಿನ ಮುಂದೆ ಕೈಯೊಡ್ಡಿದೆ, ಅವಳು ಬೊಗಸೆ ಹಿಟ್ಟು ಹಾಕಿದಳು. ಮೈದಾನದ ಗೆರೆಯ ಪಕ್ಕ, ಅಷ್ಟೂ ಜನರೆದುರು ಕುಕ್ಕರಗಾಲಿನಲ್ಲಿ ಕೂತು, ಬೆಳೆದ ಹುಡುಗಿಯ ಕಾಲಿಗೆ ಹಿಟ್ಟು ತಿಕ್ಕಿದೆ. ಎರಡೂ ತಂಡದ ಹುಡುಗಿಯರು ನಗುತ್ತಿದ್ದರು.

"ಬೈಯೇ ನನ್ನ," ಎಂದೆ.

"ಲೇಟರ್, ಅಜ್ಜಿ. ದಿಸ್ ಲೆಗ್ ಆಲ್ಸೋ."

ಮೈದಾನದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ನನಗೆ ಅವತ್ತು ಅದರ ಚಿಂತೆಯೂ ಇರಲಿಲ್ಲ. ಒಳಗೆ ಹೋದ ಮೊಮ್ಮಗಳ ಕೈಗೆ ಚೆಂಡು ಬಂತು, ಎತ್ತರದ ಹುಡುಗಿ ಮತ್ತೆ ಕಾಲು ತಬ್ಬಿದಳು. ಈ ಸಲ ಹಿಡಿತ ಕೂತಿತು. ನನ್ನವಳು ದೊಪ್ಪನೆ ಬೋರಲು ಬಿದ್ದಳು. ಕೆಡವಿದವಳು ತನ್ನ ಅಂಗೈ ನೋಡಿಕೊಂಡು, ರೆಫರಿಗೂ ತೋರಿಸಿ, "ಸವಾ", ಈಗ ಸರಿ, ಎಂದು ಅವಳನ್ನು ಕೈಹಿಡಿದು ಎಬ್ಬಿಸಿದಳು.

ಮಗು ಬಿದ್ದರೆ ಅಯ್ಯೋ ಎನ್ನದ ಅಜ್ಜಿ ಇರುವುದುಂಟೇ. ನಾನು ಮಾತ್ರ ಕೂತಲ್ಲೇ ತಲೆ ತಗ್ಗಿಸಿ, ಸದ್ಯ ಬಿದ್ದಳಲ್ಲಪ್ಪ ಎಂದು ದೇವರಿಗೆ ಕೈ ಮುಗಿದೆ.