ಪಂಪಿನ ಕಾಕಾ ತೋರಿಸಿದ ವಿಕ್ರೋಳಿ

ಕಳೆದ ವಾರ ಘಾಟ್ಕೋಪರಿನಲ್ಲಿ ಒಂದು ಕೆಲಸ ಮುಗಿಸಿ ಸ್ಟೇಷನ್ನಿನ ಕಡೆ ನಡೆದು ಬರುತ್ತಿದ್ದೆ. ರಸ್ತೆಯ ಬದಿಯಲ್ಲಿ ಏಳುತ್ತಿದ್ದ ಕಟ್ಟಡವೊಂದರ ಹೊಸ ಸ್ಲ್ಯಾಬಿಗೆ ಯಾರೋ ಪೈಪಿನಿಂದ ನೀರು ಹೊಡೆಯುತ್ತಿದ್ದರು. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆ ಕೆಳಗಿನವರೆಗೂ ಬಂತು. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಹೊಗಳುವಂತೆ ಇದನ್ನು ಯಾರೂ ಹೊಗಳುವುದಿಲ್ಲ; ಇದರಲ್ಲಿ ಸುಣ್ಣ, ತುಕ್ಕು, ಬಿಸಿ ಧೂಳು ಎಲ್ಲವೂ ಬೆರೆತಿರುತ್ತದೆ. ಆದರೂ ನನ್ನ ಕಾಲು ಅಲ್ಲಿಯೇ ನಿಂತಿತು. ನಮ್ಮ ಕಟ್ಟಡದ ಟೆರೇಸಿನಲ್ಲಿ ಭಾನುವಾರ ಸಂಜೆ ಇದೇ ವಾಸನೆ ಇರುತ್ತಿತ್ತು. ಮಕ್ಕಳ ಅಂಗಾಲು ಸುಡಬಾರದೆಂದು ಪಂಪಿನ ಕಾಕಾ ಮೊದಲು ಅಲ್ಲಿ ನಾಲ್ಕು ಬಕೆಟ್ ನೀರು ಚೆಲ್ಲುತ್ತಿದ್ದರು...

ನಾವು ಮೈಸೂರಿನಿಂದ ವಿಕ್ರೋಳಿಗೆ ಬಂದಾಗ ಮಗಳಿಗೆ ಏಳು ವರ್ಷ. ಪತಿಗೆ ಇಲ್ಲಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ. ನನಗೆ ಆಗ ಇನ್ನೂ ಕೆಲಸ ಸಿಕ್ಕಿರಲಿಲ್ಲ. ವಾರದ ಆರು ದಿನಗಳು ಹೇಗೋ ಸಾಗುತ್ತಿದ್ದವು. ಕಷ್ಟವಾಗುತ್ತಿದ್ದುದು ಏಳನೆಯ ದಿನ. ಮೈಸೂರಿನಲ್ಲಿ ಭಾನುವಾರವನ್ನು ಏನು ಮಾಡಬೇಕೆಂದು ನಾವು ಎಂದೂ ಯೋಚಿಸಿದವರಲ್ಲ. ಯಾರದೋ ಮನೆಗೆ ಹೋಗುತ್ತಿದ್ದೆವು, ಇಲ್ಲವೇ ಯಾರಾದರೂ ಬರುತ್ತಿದ್ದರು. ಇಲ್ಲಿ ಬರುವವರೂ ಇರಲಿಲ್ಲ, ಹೋಗುವ ಮನೆಯೂ ಇರಲಿಲ್ಲ. ಮೊದಲ ತಿಂಗಳು ಲೋಕಲ್ ಹತ್ತಿ ದಕ್ಷಿಣದ ಕಡಲತೀರಕ್ಕೆ ಹೋಗಿ, ವಾಪಸು ಬರುವ ಗಾಡಿಯ ನೂಕುನುಗ್ಗಲಿನಲ್ಲಿ ಮಗಳ ಒಂದು ಚಪ್ಪಲಿ ಕಳೆದುಕೊಂಡು ಬಂದೆವು. ಆಮೇಲೆ ಮಾಲ್‌ಗಳಿಗೆ ಹೋಗಿ, ಏನೂ ಕೊಳ್ಳದೆ ಎಸ್ಕಲೇಟರಿನ ಎದುರು ಕುಳಿತು ಎದ್ದು ಬರುತ್ತಿದ್ದೆವು. ಫೋನಿನಲ್ಲಿ ಹುಡುಕಿದರೆ ಸಿಗುತ್ತಿದ್ದುದು ಬೇರೆ ಊರಿನವರು ಎರಡು ದಿನಕ್ಕೆಂದು ಬಂದು ನೋಡಿಹೋಗುವ ಮುಂಬಯಿ. ನಾವು ವಾಸವಿದ್ದ ಮುಂಬಯಿ ಅದರಲ್ಲಿ ಇರಲಿಲ್ಲ.

ಅಂಥ ಒಂದು ಭಾನುವಾರ ಸಂಜೆ ಮಗಳು ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದಳು. ಟ್ಯಾಂಕು ತುಂಬಿತೇ ಎಂದು ನೋಡಲು ಕಾಕಾ ಕೀಲಿಗೊಂಚಲು ಹಿಡಿದು ಮೇಲೆ ಹೋಗುತ್ತಿದ್ದರು. ಅವರು ನಮ್ಮ ಸೊಸೈಟಿಯ, ಅಂದರೆ ಕಟ್ಟಡದ ನಿವಾಸಿಗಳ ಸಂಘದ, ನೀರಿನ ಪಂಪು ನಡೆಸುತ್ತಿದ್ದವರು. ಅರವತ್ತರ ಆಸುಪಾಸಿನವರು, ವಿಜಯಪುರದ ಕಡೆಯವರು. ಕೆಳಗಿನ ಪಂಪಿನ ಕೋಣೆಯೇ ಅವರ ಮನೆಯಾಗಿತ್ತು.

“ಯಾಕ್ ತಂಗಿ, ಮಾರಿ ಗಂಟ್ ಹಾಕ್ಕೊಂಡು ಕುಂತಿ?” ಎಂದು ಕೇಳಿದರು. ಅವಳು ಗೋಡೆಯ ಕಡೆ ತಿರುಗಿದಳು. “ಬಾ, ಟಾಕಿ ನೋಡೂಣು,” ಎಂದು ಕರೆದುಕೊಂಡು ಹೊರಟೇಬಿಟ್ಟರು. ನಾನು ಗಾಬರಿಯಿಂದ ಹಿಂದೆ ಓಡಿದೆ. ಟೆರೇಸಿಗೆ ಯಾರೂ ಹೋಗಕೂಡದೆಂದು ಸೊಸೈಟಿಯ ನಿಯಮವಿತ್ತು. ಬಾಗಿಲ ಮೇಲೆ ಅದನ್ನು ಮೂರು ಭಾಷೆಗಳಲ್ಲಿ ಬರೆದಿತ್ತು. ಕಾಕಾ ಅದರ ಮೇಲೆಯೇ ಕೈಯಿಟ್ಟು ಬಾಗಿಲು ತಳ್ಳಿದರು.

“ಬರ್ರಿ ಅಕ್ಕಾರ. ಮೈಸೂರಾಗ ನಿಮಗ ಅರಮನಿ ಇತ್ತು, ಇಲ್ಲಿ ಈ ಟಾಕಿ ಐತಿ. ಸಣ್ಣದೈತಿ ಖರೆ, ಆದ್ರ ಅರಮನ್ಯಾಗ ನಿಮಗ ಯಾರೂ ನೀರು ಕೊಡಂಗಿಲ್ಲ.”

ಏಳನೆಯ ಮಹಡಿಯ ಮೇಲಿನಿಂದ ನಾನು ಮೊದಲ ಬಾರಿಗೆ ನಾವಿರುವ ಊರನ್ನು ನೋಡಿದೆ. ಪಶ್ಚಿಮಕ್ಕೆ ಮನೆಗಳು ಹತ್ತಿಕೊಂಡ ಗುಡ್ಡ, ನಡುವೆ ರೈಲು ಹಳಿ, ಪೂರ್ವಕ್ಕೆ ಕಾರ್ಖಾನೆಗಳಾಚೆ ಕಪ್ಪು ಹಸಿರಿನ ಒಂದು ಪಟ್ಟಿ. ಎಲ್ಲವೂ ಕಣ್ಣಳತೆಯಲ್ಲಿ ಮುಗಿಯುತ್ತಿತ್ತು. “ಮುಂಬೈ ಅಂದ್ರ ಹೆದರಿಕಿ ಬರ್ತೈತ್ರಿ,” ಎಂದರು ಕಾಕಾ. “ಅದನ್ನ ಬಿಟ್ಟುಬಿಡ್ರಿ. ಇದಿಷ್ಟು ನಮ್ಮ ಊರು. ನಡದ್ರ ಒಂದ್ ತಾಸಿಗೆ ಮುಗೀತೈತಿ.”

ಮಗಳು ಪೂರ್ವದ ಕಡೆ ಬೆರಳು ತೋರಿಸಿ, ಅದೇನು ಬೆಳ್ಳಗೆ ಹೊಳೆಯುತ್ತಿರುವುದು ಎಂದು ಕೇಳಿದಳು.

“ನನಗೇನ್ ಗೊತ್ತವ್ವಾ! ಬರೂ ರವಿವಾರ ಅವ್ವಾ ಅಪ್ಪನ್ನ ಕರಕೊಂಡು ಹೋಗಿ ನೋಡ್ಕೊಂಡು ಬಾ. ಸಂಜಿಕ ಬಂದು ನನಗ ಹೇಳಬೇಕ್ ನೋಡು.”

ಹೀಗೆ ಅದು ಶುರುವಾಯಿತು. ಒಂದು ಭಾನುವಾರ ಟೆರೇಸಿನಿಂದ ಏನಾದರೊಂದನ್ನು ಗುರುತಿಸುವುದು. ಮುಂದಿನ ಭಾನುವಾರ ಅಲ್ಲಿಗೆ ನಡೆದೇ ಹೋಗುವುದು. ಸಂಜೆ ಮೇಲೆ ಬಂದು ಕಾಕಾಗೆ ವರದಿ ಒಪ್ಪಿಸುವುದು. ರಿಕ್ಷಾ ಹತ್ತುವಂತಿರಲಿಲ್ಲ. ಪತಿ ಫೋನಿನ ನಕ್ಷೆ ತೆರೆದಾಗ ಕಾಕಾ, “ಕಿಸೇದಾಗ ಇಡ್ರಿ ಸಾಹೇಬ್ರ. ಬಾಯಿ ಐತ್ಯಲ್ಲಾ, ಕೇಳ್ರಿ,” ಎಂದು ನಗೆಯಾಡಿದರು. ಮರಾಠಿ ಬಾರದ ನಾವು ಅರ್ಧಂಬರ್ಧ ಹಿಂದಿಯಲ್ಲಿ ಹಾದಿ ಕೇಳುತ್ತಾ ಹೋದೆವು.

ಬೆಳ್ಳಗೆ ಹೊಳೆಯುತ್ತಿದ್ದುದು ಉಪ್ಪಿನ ಗದ್ದೆ. ಮಗಳು ಒಂದು ಹರಳು ನಾಲಿಗೆಗೆ ಹಾಕಿಕೊಂಡು, ಇನ್ನೊಂದನ್ನು ಕಾಕಾಗೆಂದು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಗುಡ್ಡದ ಮೇಲಿನ ಕೇಸರಿ ಬಾವುಟ ಒಂದು ಗರಡಿಮನೆಯದು. ಅಲ್ಲಿಯ ವಸ್ತಾದರು ಅವಳಿಗೆ ಹಗ್ಗ ಹತ್ತಲು ಕಲಿಸಿ, ಮಾತಿಗೊಮ್ಮೆ ‘ಶಾಬ್ಬಾಸ್’ ಎಂದರು. ಕೆಂಪಗೆ ಕಾಣುತ್ತಿದ್ದ ಒಂದು ಸಾಲುಮನೆಯ ಚಾಳಿನ ಮಾಡಿನ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. ಆ ಮನೆಯ ಹೆಂಗಸು ನಾವು ಅದನ್ನು ನೋಡಲೆಂದೇ ನಡೆದು ಬಂದೆವೆಂದು ತಿಳಿದು ನಕ್ಕು ನಕ್ಕು ಚಹಾ ಕೊಟ್ಟಳು. ಅವಳ ಮಕ್ಕಳು ಮುಂದೆ ನಮ್ಮ ಮನೆಗೆ ಬರತೊಡಗಿದರು. ಕ್ರಮೇಣ ಕಟ್ಟಡದ ಇನ್ನೂ ನಾಲ್ಕು ಮನೆಗಳವರು ಭಾನುವಾರ ಸಂಜೆ ಸದ್ದಿಲ್ಲದೆ ಮೇಲೆ ಬರುವುದು ರೂಢಿಯಾಯಿತು. ಕಾಕಾ ಟ್ಯಾಂಕಿಗೆ ಒರಗಿ ಕುಳಿತು ಪ್ರತಿಯೊಂದು ವರದಿಯನ್ನೂ ಅದೇ ಮೊದಲು ಕೇಳುತ್ತಿರುವವರಂತೆ ಕೇಳುತ್ತಿದ್ದರು. ಅವರು ಆ ಕಟ್ಟಡದ ಸ್ಲ್ಯಾಬ್ ಹಾಕಿದ ಕೂಲಿಗಳಲ್ಲಿ ಒಬ್ಬರೆಂದೂ, ಮೂವತ್ತು ವರ್ಷಗಳಿಂದ ಇಲ್ಲಿಯೇ ಇದ್ದು ಮೂಲೆಮೂಲೆಯನ್ನೂ ಬಲ್ಲವರೆಂದೂ ನಮಗೆ ತಿಳಿದದ್ದು ಬಹಳ ತಡವಾಗಿ.

ಹದಿನೈದು ತಿಂಗಳು ಹೀಗೆ ನಡೆಯಿತು. ಅಷ್ಟಕ್ಕೆ ನಾನು ಸುಮ್ಮನಿರಬೇಕಾಗಿತ್ತು...

ಆದರೆ ನಾನು ಕಾಲೇಜಿನ ದಿನಗಳಿಂದ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಸರಿಯಾದದ್ದು ಬಹಿರಂಗವಾಗಿಯೇ ನಡೆಯಬೇಕು, ನಿಯಮ ತಪ್ಪಾಗಿದ್ದರೆ ಅದನ್ನು ಮುರಿಯದೆ ಬದಲಿಸಬೇಕು ಎಂದು ನಂಬಿದ್ದೆ, ಇಂದಿಗೂ ನಂಬುತ್ತೇನೆ. ಎಲ್ಲರಿಗೂ ಸೇರಿದ ಟೆರೇಸಿಗೆ ನಾವು ಕಳ್ಳರಂತೆ ಹತ್ತುವುದು ನನಗೆ ಒಗ್ಗುತ್ತಿರಲಿಲ್ಲ. ಒಬ್ಬ ಮನುಷ್ಯ ಇಷ್ಟು ಒಳ್ಳೆಯ ಕೆಲಸ ಮಾಡಿಯೂ ಅದನ್ನು ಬಚ್ಚಿಡಬೇಕಾಗಿ ಬಂದಿರುವುದು ಇನ್ನೂ ದೊಡ್ಡ ಅನ್ಯಾಯವಾಗಿ ಕಾಣುತ್ತಿತ್ತು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ವಿಷಯ ಎತ್ತುವುದಾಗಿ ಪತ್ರ ಕೊಟ್ಟೆ.

ಸಭೆಯ ಹಿಂದಿನ ದಿನ ಕಾಕಾ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ.

“ಅಕ್ಕಾರ, ಟೆರೇಸಿನ ಮಾತು ತಗೀತೀರಂತ?”

“ಹೌದು ಕಾಕಾ. ಇನ್ನು ಮೇಲೆ ಯಾರೂ ಹೆದರಿಕೊಂಡು ಮೇಲೆ ಹೋಗಬೇಕಾಗಿಲ್ಲ.”

“ತಗೀರಿ. ಆದ್ರ ನನ್ನ ಸುದ್ದಿ ಬ್ಯಾಡ್ರಿ. ಚಾವಿ ಟಾಕಿ ಸಲುವಾಗಿ ಕೊಟ್ಟಾರ ನನಗ, ಮಂದೀನ ಹತ್ತಿಸಾಕ ಅಲ್ಲ.”

“ಒಳ್ಳೆ ಕೆಲಸ ಮಾಡಿದೋರು ಯಾರು ಅಂತ ಎಲ್ಲರಿಗೂ ಗೊತ್ತಾಗಬೇಡವೇ? ಸಭೆಯಲ್ಲಿ ನಿಮಗೆ ಕೃತಜ್ಞತೆ ಹೇಳಿಸ್ತೀನಿ. ನೋಡ್ತಿರಿ.”

ಅವರು ಹುಬ್ಬಿನ ಮೇಲಿನ ಬೆವರು ಒರೆಸಿಕೊಂಡರು. “ಅದೆಲ್ಲಾ ತಗೊಂಡು ಏನ್ ಮಾಡ್ಲಿ ಅಕ್ಕಾರ? ಆ ಪಂಪಿನ ಖೋಲಿ ಒಂದ್ ಉಳದ್ರ ಸಾಕು.” ಕೋಣೆಗೆ ಏನೂ ಆಗುವುದಿಲ್ಲವೆಂದು ನಾನು ಭರವಸೆ ಕೊಟ್ಟೆ. ಅವರದು ವಿನಯವೆಂದು ತಿಳಿದೆ. ಅಂಜಿಕೆಯನ್ನು ವಿನಯವೆಂದು ಓದಿಕೊಳ್ಳುವಷ್ಟು ನನ್ನ ಬದುಕು ಸುರಕ್ಷಿತವಾಗಿತ್ತು.

ಸಭೆ ಕೆಳಗಿನ ಪಾರ್ಕಿಂಗಿನಲ್ಲಿ ನಡೆಯಿತು. ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿ, ಚಹಾದ ತಟ್ಟೆ ಹಿಡಿದು ಕಾಕಾ ಕೊನೆಯ ಕಂಬದ ಬಳಿ ನಿಂತಿದ್ದರು. ನಾನು ಚೆನ್ನಾಗಿಯೇ ಮಾತನಾಡಿದೆ. ಮಕ್ಕಳ ಹಕ್ಕು, ಹೊಸದಾಗಿ ಬಂದವರ ಒಂಟಿತನ, ಎಲ್ಲರಿಗೂ ಸೇರಿದ ಜಾಗ... ಎರಡನೆಯ ಮಹಡಿಯ ಹಿರಿಯರೊಬ್ಬರು ಎದ್ದು, “ಬಚ್ಚಾ ಗಿರ್ ಗಯಾ ತೋ ಕೌನ್ ಜಿಮ್ಮೇದಾರ್?” ಎಂದರು. ಮಗು ಬಿದ್ದರೆ ಹೊಣೆ ಯಾರೆಂಬ ಆ ಪ್ರಶ್ನೆಗಾಗಿಯೇ ನಾನು ಕಾದಿದ್ದೆ. ಎದುರಾಳಿ ತಾನಾಗಿ ಬಾಗಿಲು ತೆರೆದಾಗ ವಾಗ್ಮಿಗೆ ಆಗುವ ಸಂತೋಷ ನನಗೆ ಚೆನ್ನಾಗಿ ಗೊತ್ತು. ಅದು ನಾಲಿಗೆಯನ್ನು ವಿವೇಕಕ್ಕಿಂತ ಎರಡು ಹೆಜ್ಜೆ ಮುಂದೆ ಓಡಿಸುತ್ತದೆ. ಹದಿನೈದು ತಿಂಗಳಿಂದ ಪ್ರತಿ ಭಾನುವಾರ ಮಕ್ಕಳು ಟೆರೇಸಿನಲ್ಲಿದ್ದಾರೆ, ಒಬ್ಬರಿಗೂ ಒಂದು ತರಚು ಗಾಯವಾಗಿಲ್ಲ ಎಂದು ಸಾರಿದೆ.

ಕಾರ್ಯದರ್ಶಿ ಪೆನ್ನು ಕೆಳಗಿಟ್ಟರು. “ಮ್ಯಾಡಮ್, ಚಾವಿ ಕಿಸ್ನೇ ದೀ?”

ಕೀಲಿ ಕೊಟ್ಟವರು ಯಾರು? ಅಲ್ಲಿಯೂ ನಾನು ನಿಲ್ಲಬಹುದಾಗಿತ್ತು. ಬದಲಿಗೆ ಕೈ ಚಾಚಿ, ನಮ್ಮ ಪಂಪಿನ ಕಾಕಾ ಎಂದು ಹೆಮ್ಮೆಯಿಂದ ತೋರಿಸಿದೆ. ಕೆಲವರು ಚಪ್ಪಾಳೆ ತಟ್ಟಿದರು. ಕಾಕಾ ತಟ್ಟೆಯಲ್ಲಿದ್ದ ಲೋಟಗಳನ್ನು ನೋಡುತ್ತಾ ನಿಂತರು.

ಗೊತ್ತುವಳಿಯನ್ನು ಕಾರ್ಯದರ್ಶಿ ಅಲ್ಲಿಯೇ ಬರೆದು ಓದಿದರು. ಭಾನುವಾರ ಸಂಜೆ ಎರಡು ಗಂಟೆಗಳ ಕಾಲ ಟೆರೇಸ್ ತೆರೆದಿರತಕ್ಕದ್ದು. ಕೀಲಿ ಮತ್ತು ಪಂಪಿನ ಹೊಣೆಯನ್ನು ಸುರಕ್ಷತೆಯ ದೃಷ್ಟಿಯಿಂದ ಒಂದು ಏಜೆನ್ಸಿಗೆ ವಹಿಸತಕ್ಕದ್ದು. ಮೊದಲ ಭಾಗದ ಗೆಲುವಿನಲ್ಲಿ ಮುಳುಗಿದ್ದ ನಾನು ಎರಡನೆಯದನ್ನು ಕೇಳಿಯೂ ಕೇಳಲಿಲ್ಲ. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನೇ.

ನಾಲ್ಕನೆಯ ದಿನ ಸಮವಸ್ತ್ರದ ಒಬ್ಬ ತರುಣನಿಗೆ ಕಾಕಾ ವಾಲ್ವುಗಳನ್ನು ತೋರಿಸುತ್ತಿದ್ದುದನ್ನು ಕಂಡೆ. ಪಕ್ಕದಲ್ಲಿ ಅವರ ಟ್ರಂಕು ಇತ್ತು. ಗೊತ್ತುವಳಿಯ ಎರಡನೆಯ ಭಾಗ ಆಗ ಅರ್ಥವಾಯಿತು: ಪಂಪಿನೊಂದಿಗೆ ಅವರ ಕೋಣೆಯೂ ಹೋಗಿತ್ತು.

“ಟೆರೇಸ್ ಸಿಕ್ತಲ್ರೀ ಅಕ್ಕಾರ,” ಎಂದರು ಅವರೇ. “ಛಲೋ ಆತು. ಮಲಾಡಿನ್ಯಾಗ ಅಕ್ಕನ ಮಗ ಅದಾನ, ಕಟ್ಟಡದ ಕೆಲಸಕ್ಕ. ಅಲ್ಲಿ ಏನರ ನೋಡ್ತೀನಿ.” ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ವಿಳಾಸ ಕೇಳಬೇಕಾಗಿದ್ದ ಆ ಗಳಿಗೆಯಲ್ಲಿ ನಾನು, ಇದು ಅನ್ಯಾಯ, ಸಮಿತಿಗೆ ಬರೆಯುತ್ತೇನೆ ಎಂದೆ. ಬರೆದೆ ಕೂಡ. ಎಂಟು ದಿನ ಕುಳಿತು, ತಿದ್ದಿ, ನಾಲ್ಕು ಪುಟಗಳ ಪತ್ರ. ಅದು ತಪ್ಪಿಲ್ಲದ ಪತ್ರವಾಗಿತ್ತು. ಒಂದು ಸಾಲಿನ ಉತ್ತರ ಬಂತು: ಗೊತ್ತುವಳಿ ಸರ್ವಾನುಮತದಿಂದ ಅಂಗೀಕೃತವಾಗಿದೆ.

ಆಮೇಲೆ ಮಲಾಡಿಗೆ ಹೋದೆ. ಕಟ್ಟಡ ಏಳುತ್ತಿದ್ದ ಮೂರು ಕಡೆ ಅಲೆದು, ಕೊನೆಗೆ ಒಂದು ಕಡೆ ಕನ್ನಡ ಕೇಳಿಸಿ, ಅಲ್ಲಿಯ ಕೂಲಿಗಳ ಮುಕಾದಮನನ್ನು ವಿಚಾರಿಸಿದೆ. ವಿಕ್ರೋಳಿಯಿಂದ ಬಂದವರು, ವಯಸ್ಸಾದವರು, ಪಂಪು ನೋಡಿಕೊಳ್ಳುತ್ತಿದ್ದರು...

“ಹೆಸರೇನ್ರೀ?”

“ಕಾಕಾ ಅಂತ ಕರೀತಿದ್ವಿ.”

ಅವನು ಕೆಲಸ ಮಾಡುತ್ತಿದ್ದವರ ಕಡೆ ಒಮ್ಮೆ ತಿರುಗಿ ನೋಡಿ ನಕ್ಕ. “ಇಲ್ಲಿ ಇರಾವ್ರೆಲ್ಲಾ ಕಾಕಾನ ಅದಾರ್ರಿ. ಹೆಸರ ಹೇಳ್ರಿ, ಇಲ್ಲಾ ಊರರ ಹೇಳ್ರಿ. ಯಾಂವ ಅಂತ ಹುಡುಕೂಣು?”

ವಿಜಯಪುರದ ಕಡೆಯವರು ಎಂಬುದರಾಚೆ ನನಗೆ ಊರೂ ತಿಳಿದಿರಲಿಲ್ಲ, ಹೆಸರೂ ತಿಳಿದಿರಲಿಲ್ಲ. ಮಾಡಿದವರನ್ನು ಜಗತ್ತು ಗುರುತಿಸಬೇಕೆಂದು ಅವರೊಡನೆಯೇ ವಾದಿಸಿದ ನಾನು, ಹದಿನೈದು ತಿಂಗಳಲ್ಲಿ ಒಂದು ಸಲವೂ ಅವರ ಹೆಸರನ್ನು ಕೇಳಿರಲಿಲ್ಲ. ಸಿಮೆಂಟಿನ ಚೀಲಗಳನ್ನು ದಾಟಿ ಹೊರಟು ಬಂದೆ. ಸೊಸೈಟಿಯ ಕಡತದಲ್ಲಿ ಹುಡುಕಿದಾಗಲೂ ‘ಪಂಪ್‌ಮನ್’ ಎಂದಷ್ಟೇ ಇತ್ತು.

ಇದೆಲ್ಲ ಆಗಿ ಒಂಬತ್ತು ವರ್ಷ. ಮಗಳು ಈಗ ಕಾಲೇಜಿನ ಹೊಸ್ತಿಲಲ್ಲಿದ್ದಾಳೆ. ಈ ಊರಿನಲ್ಲಿ ಅವಳಿಗೆ ಗೊತ್ತಿಲ್ಲದ ಗಲ್ಲಿಯಿಲ್ಲ. ಕಾಕಾ ಎಲ್ಲಿಗೆ ಹೋದರು ಎಂದು ಮೊದಮೊದಲು ಕೇಳುತ್ತಿದ್ದವಳು, ಕಾರಣ ಅರ್ಥವಾಗುವ ವಯಸ್ಸಿಗೆ ಬಂದ ಮೇಲೆ ಕೇಳುವುದನ್ನು ನಿಲ್ಲಿಸಿದಳು.

ಮೊನ್ನೆ ಭಾನುವಾರ ಟೆರೇಸಿಗೆ ಹೋಗಿದ್ದೆ. ಏಜೆನ್ಸಿಯ ಕಾವಲುಗಾರ ಪುಸ್ತಕ ಮುಂದಿಟ್ಟ. ಹೆಸರು, ಫ್ಲಾಟಿನ ನಂಬರು, ಬಂದ ಸಮಯ ಬರೆಯಬೇಕು. ನನಗಿಂತ ಹಿಂದಿನ ಸಹಿ ಎರಡು ತಿಂಗಳ ಹಳೆಯದು. ಮೇಲೆ ಯಾರೂ ಇರಲಿಲ್ಲ. ಸಮಯ ಮುಗಿಯುತ್ತಲೇ ಅವನು ಬಂದು, ಬಾಗಿಲು ಹಾಕಬೇಕು ಮ್ಯಾಡಮ್ ಎಂದ. ನಾನು ಇಳಿದು ಬಂದೆ. ಅವನು ಮಾಡಿದ್ದರಲ್ಲಿ ತಪ್ಪೇನಿಲ್ಲ. ನಾನು ಕೈ ಎತ್ತಿ ಒಪ್ಪಿದ ಗೊತ್ತುವಳಿ ಇನ್ನೂ ಜಾರಿಯಲ್ಲಿದೆ, ಅದರ ಎರಡೂ ಭಾಗ.