ಭಂಡಾರ ಮುಟ್ಟಿದ ಕೈ

ಪಕ್ಕದ ಮನೆಯವರು ಮೊನ್ನೆ ತಮ್ಮ ಮನೆದೇವರಿಗೆ ಹೋಗಿ ಬಂದರು. ಪ್ರಸಾದವೆಂದು ಒಂದು ಕಾಗದದ ಪೊಟ್ಟಣ ಕೊಟ್ಟುಹೋದರು. ಅದರಲ್ಲಿ ಕೊಬ್ಬರಿ ಚೂರು, ಉತ್ತತ್ತಿ, ಜೊತೆಗೆ ಒಂದಿಷ್ಟು ಭಂಡಾರ. ಭಂಡಾರವೆಂದರೆ ದೇವರ ಮೇಲೆ ಎರಚಿದ ಅರಿಶಿನದ ಪುಡಿ, ಮತ್ತೇನಲ್ಲ. ಬಿಚ್ಚಿದ ಕೂಡಲೇ ಗಂಟಲು ಕೆರೆಯುವ ಆ ಒಣ ವಾಸನೆ ಸೋಲಾಪುರದ ನಮ್ಮ ಸಣ್ಣ ಅಡುಗೆಮನೆಯ ತುಂಬ ಹರಡಿತು. ಹಣೆಗೆ ಹಚ್ಚಿಕೊಳ್ಳಲು ಬೆರಳು ಮುಂದೆ ಮಾಡಿದವಳು ಹಾಗೇ ನಿಂತುಬಿಟ್ಟೆ. ಆಮದಾರ ಕಾಕಾ ನೆನಪಾದರು... ಅವರು ಹೋಗಿ ಎಷ್ಟೋ ವರ್ಷವಾಯಿತು. ಆದರೂ ಈ ವಾಸನೆ ಬಂದರೆ ನನಗೆ ದೇವರ ನೆನಪು ಬರುವುದಿಲ್ಲ, ಅವರದೇ ಬರುತ್ತದೆ.

ಶಾಸಕರಿಗೆ ನಮ್ಮ ಕಡೆ ಆಮದಾರ ಎನ್ನುತ್ತಾರೆ. ನಾನು ಸೋಲಾಪುರದ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿ, ಅಕ್ಕಲಕೋಟ ತಾಲೂಕಿನಲ್ಲಿ ಕರಜಗಿಯ ಆಚೆಗಿನ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು. ಕಾಕಾ ನನ್ನ ಮಾವನ ಶಾಲೆಯ ಗೆಳೆಯ. ಇಬ್ಬರೂ ಒಂದೇ ಮಾಸ್ತರರ ಕೈಯಲ್ಲಿ ಏಟು ತಿಂದವರು. ಮೊದಲ ಚುನಾವಣೆಯಲ್ಲಿ ಸೋತಾಗ ಅವರು ಮುಸ್ಸಂಜೆಯ ಹೊತ್ತಿಗೆ ನಮ್ಮ ಮನೆಗೇ ಬಂದು ಕಂಬಕ್ಕೆ ಒರಗಿ ಕೂತಿದ್ದರಂತೆ. ಮುಂದಿನ ಸಲ ಗೆದ್ದಾಗಲೂ ಮೈಮೇಲಿನ ಗುಲಾಲು ಕೊಡವದೆ ನೇರ ಇಲ್ಲಿಗೇ ಬಂದರಂತೆ. ಅದರ ಮುಂದಿನ ಸಲವೂ ಗೆದ್ದರು. ನಾನು ಕಂಡದ್ದು ಆ ಗೆದ್ದ ಕಾಲದ ಕಾಕಾನನ್ನು.

ಮುಂಬೈಯ ವಿಧಾನಸಭೆಯಲ್ಲಿ ಅವರು ಮರಾಠಿಯಲ್ಲಿ ಮಾತಾಡಲು ಎದ್ದರೆ ನಮ್ಮ ಕಡೆಯ ಎಳೆತ ಕೇಳಿ ಉಳಿದವರು ಮುಸಿಮುಸಿ ನಗುತ್ತಿದ್ದರಂತೆ. ಅದನ್ನು ಅವರೇ ನಮ್ಮ ಪಡಸಾಲೆಯಲ್ಲಿ ನಿಂತು ಮಾಡಿ ತೋರಿಸುತ್ತಿದ್ದರು. “ನಗವಲ್ರ್ಯಾಕ! ನಕ್ಕೋತನ ಹಳ್ಳಕ್ಕ ಪೂಲ್ ಮಂಜೂರ ಮಾಡ್ಯಾರಿಲ್ಲೊ?” ಎನ್ನುತ್ತಿದ್ದರು. ಹಳ್ಳದ ಸೇತುವೆ, ಮಧ್ಯಾಹ್ನದ ಎಸ್‌ಟಿ ಬಸ್ಸು, ಕನ್ನಡ ಶಾಲೆಗೆ ಖಾಯಂ ಮಾಸ್ತರು... ಅವರು ಮಾಡಿದ್ದು ಇಂಥ ಕೆಲಸಗಳು. ದೊಡ್ಡದೇನೂ ಅಲ್ಲ ಎಂದು ಪೇಟೆಯವರು ಅನ್ನಬಹುದು. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಹೆರಿಗೆ ನೋವಿನ ಹೆಂಗಸನ್ನು ದಾಟಿಸಿದವರು ಹಾಗೆ ಅನ್ನಲಾರರು.

ಪ್ರಚಾರಕ್ಕೆ ಬಂದರೆ ಅವರದೊಂದು ರೀತಿ. ಗಂಡಸರೊಂದಿಗೆ ಪಡಸಾಲೆಯಲ್ಲಿ ಕೂರುವವರೇ ಅಲ್ಲ. ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ನಡೆದು, “ವೈನಿ, ಒಂದ್ ರೊಟ್ಟಿ ಕೊಡ್ರಿ” ಎಂದು ಸ್ವಂತ ಅತ್ತಿಗೆಯನ್ನು ಕರೆದಂತೆ ಕರೆದು ನೆಲದ ಮೇಲೆ ಕೂತುಬಿಡುವರು. ಮನೆಯ ಹೆಂಗಸು ಒಲೆಯ ಮೇಲಿನ ಬಿಸಿ ರೊಟ್ಟಿ ತೆಗೆದು ಹಾಕಿದರೆ ಆ ಮನೆಯ ಮತ ತಮ್ಮದು, ಬುಟ್ಟಿಯಲ್ಲಿದ್ದ ಆರಿದ ರೊಟ್ಟಿ ಕೊಟ್ಟರೆ ಅನುಮಾನ... ಇದು ಅವರ ಲೆಕ್ಕ. ಮಾವ ನಕ್ಕು ಚೇಷ್ಟೆ ಮಾಡುತ್ತಿದ್ದರು. ಆದರೆ ಗಂಡಸರು ಚಹಾ ಕುಡಿಸಿ ಸುಳ್ಳು ಹೇಳಿಯಾರು, ಒಲೆಯ ಮುಂದೆ ಕೂತವಳ ಕೈ ಸುಳ್ಳು ಹೇಳುವುದಿಲ್ಲ ಎಂದು ಕಾಕಾ ನಂಬಿದ್ದರು. ನಮ್ಮ ಅತ್ತೆ ಅವರಿಗೆ ಎಂದೂ ಆರಿದ ರೊಟ್ಟಿ ಹಾಕಿದವರಲ್ಲ. ಶೇಂಗಾ ಚಟ್ನಿಗೆ ಮೇಲೊಂದಿಷ್ಟು ಎಣ್ಣೆ ಬಿಟ್ಟೇ ಕೊಡುತ್ತಿದ್ದರು.

ನಮ್ಮ ಕಡೆ ಚುನಾವಣೆಗೆ ಇನ್ನೊಂದು ದಾರಿಯೂ ಇತ್ತು. ಉಮೇದುವಾರನ ಮಂದಿ ತಟ್ಟೆಯಲ್ಲಿ ಭಂಡಾರ ಹಿಡಿದು ಮನೆಮನೆಗೆ ಬರುವರು. ಮನೆಯವರು ಬಲಗೈಯಿಂದ ಅದನ್ನು ಮುಟ್ಟಿ ‘ನಮ್ಮ ಓಟು ನಿಮಗೇ’ ಎನ್ನಬೇಕು. ಮುಟ್ಟಿದರೆ ಮುಗಿಯಿತು, ತಪ್ಪಿದರೆ ಆಣೆ ತಟ್ಟುತ್ತದೆ. ಮುಟ್ಟಿ ತಪ್ಪಿದವರಿಗೆ ಬಿಡುಗಡೆಯೂ ಒಂದೇ ರೀತಿ. ತಪ್ಪಿದವರು ತಮ್ಮ ಬಾಯಿಂದ ತಪ್ಪಿದೆ ಎನ್ನಬೇಕು. ಆಣೆ ಹಾಕಿಸಿದವರು ತಮ್ಮ ಬಾಯಿಂದ ‘ಬಿಟ್ಟೆ’ ಎನ್ನಬೇಕು. ಕಾಕಾಗೆ ಈ ಪದ್ಧತಿ ಕಂಡರೆ ಆಗುತ್ತಿರಲಿಲ್ಲ. “ದೇವ್ರನ್ನ ನನ್ನ ಏಜೆಂಟ್ ಮಾಡಬ್ಯಾಡ್ರೊ” ಎಂದು ತಮ್ಮ ಮಂದಿಗೆ ಬೈಯುತ್ತಿದ್ದರು.

ಅವರ ಕೊನೆಯ ಚುನಾವಣೆಯ ಹೊತ್ತಿಗೆ ನನ್ನ ಮಗಳು ಹುಟ್ಟಿ ಕೆಲವು ತಿಂಗಳಾಗಿತ್ತು. ಎದುರಿಗೆ ನಿಂತವನು ಹೊಸಬ, ಚುರುಕಿನವನು. ಅಷ್ಟೇ ಅಲ್ಲ, ಅತ್ತೆಯ ತವರುಮನೆಯ ಅಳಿಯ. ಅತ್ತೆಯ ಅಣ್ಣ ಒಂದು ದಿನ ಮಾವ ಇಲ್ಲದಾಗ ಬಂದು, “ನಮ್ಮ ಹುಡುಗಿ ಗಂಡ ಸೋತರ ತವರಿನ ಮಾನ ಏನ್ ಉಳಿತದ?” ಎಂದು ತಂಗಿಯಿಂದ ಮಾತು ತೆಗೆದುಕೊಂಡು ಹೋದ. ಅತ್ತೆ ಇದನ್ನು ನನಗೊಬ್ಬಳಿಗೇ ಹೇಳಿದರು. ಹೇಳುವಾಗಲೇ ಅವರ ಮುಖ ಸೋತಿತ್ತು.

ಆ ಸಲ ಕಾಕಾಗೆ ಊರೂರಲ್ಲಿ ಬುಟ್ಟಿಯ ರೊಟ್ಟಿಯೇ ಸಿಕ್ಕಿತಂತೆ. ಅವರಿಗೆ ದಿಗಿಲು ಹತ್ತಿತು. ದಿಗಿಲು ಹತ್ತಿದ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದರು. ಜನ್ಮವಿಡೀ ಬೇಡವೆಂದ ತಟ್ಟೆಗೆ ಹೂಂ ಅಂದರು. ನಮ್ಮ ಮನೆಗೆ ಬಂದ ದಿನ ಎಂದಿನಂತೆ ಒಲೆಯ ಮುಂದೆ ಕೂತರು. ಅತ್ತೆಯ ಕೈ ಹಂಚಿನ ತನಕ ಹೋಗಿ, ಹಿಂದೆ ಬಂದು, ಬುಟ್ಟಿಯೊಳಗೆ ಇಳಿಯಿತು. ಕಾಕಾ ಆ ರೊಟ್ಟಿಯನ್ನು ನೋಡಿದರು. ತಿಂದರು. ಪಡಸಾಲೆಗೆ ಬಂದು ತಾವೇ ತಟ್ಟೆ ಹಿಡಿದು ನಿಂತರು. ಓಣಿಯ ಮಂದಿಯೆಲ್ಲ ನೋಡುತ್ತಿದ್ದರು. ಮಾವ ಎದೆಯುಬ್ಬಿಸಿ ಮೊದಲು ಮುಟ್ಟಿದರು. ಆಮೇಲೆ ಅತ್ತೆ... ಎಲ್ಲರೆದುರು ಕೈ ಹಿಂದೆ ತೆಗೆಯುವುದು ಅವರಿಂದ ಆಗಲಿಲ್ಲ. ಮುಟ್ಟಿದರು.

ಕಾಕಾ ಸೋತರು. ತೀರ ಹತ್ತಿರದಲ್ಲಿ ಬಂದು ಸೋತರು. ಆ ಕಡೆ ಗುಲಾಲು ಹಾರಿದ ವಾರವೇ ನಮ್ಮ ಓಣಿಯಲ್ಲಿ ಒಂದು ಎತ್ತು ಮೇವು ಬಿಟ್ಟು ಸತ್ತಿತು. ಇನ್ನೊಬ್ಬರ ಮನೆಯ ಕೂಸಿಗೆ ಜ್ವರ ಬಂದು ಇಳಿಯದಾಯಿತು. ಹಿಂದೆಯೂ ಎತ್ತು ಸತ್ತಿದ್ದವು, ಕೂಸುಗಳಿಗೆ ಜ್ವರ ಬಂದಿತ್ತು. ಆದರೆ ಈಗ ಒಬ್ಬರ ಮುಖ ಒಬ್ಬರು ನೋಡಿದರು. ಆಣೆ ತಟ್ಟಿತು ಎಂದು ಯಾರೋ ಅಂದರು. ಯಾರಿಗೆ, ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ತಮ್ಮ ಹೊಟ್ಟೆಯೊಳಗಿನದು ಹೊರಗೆ ಬರುತ್ತಿತ್ತು.

ಅತ್ತೆ ಅಂದಿನಿಂದ ನನ್ನ ಮಗಳನ್ನು ಮುಟ್ಟುವುದನ್ನು ಬಿಟ್ಟರು. ಮೊದಲ ಮೊಮ್ಮಗಳು, ಹಗಲೆಲ್ಲ ಅವರ ತೊಡೆಯ ಮೇಲೇ ಇರುತ್ತಿದ್ದ ಕೂಸು. ಈಗ ಅದು ಅಳುತ್ತ ಅವರ ಕಡೆ ಅಂಬೆಗಾಲಿಟ್ಟರೆ ಅವರು ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಗೋಡೆಗೆ ಸರಿಯುತ್ತಿದ್ದರು. “ನನ್ನ ಕೈ ತಾಕಿ ಅದಕ್ಕೇನರ ಆದ್ರ?” ಎಂದು ನನ್ನನ್ನೇ ಕೇಳುತ್ತಿದ್ದರು. ಅಂಗೈ ಉರಿಯುತ್ತದೆ ಎನ್ನುತ್ತಿದ್ದರು. ಸೋಲಾಪುರದ ಡಾಕ್ಟರರಿಗೆ ತೋರಿಸಿದೆವು, ಏನೂ ಇಲ್ಲವೆಂದರು. ನನಗೆ ಸಿಟ್ಟು ಬರುತ್ತಿತ್ತು. ಅತ್ತೆಯ ಮೇಲೆ, ತವರಿನ ಮೇಲೆ, ಆ ತಟ್ಟೆ ಹಿಡಿದು ಬಂದ ಕಾಕಾನ ಮೇಲೆ. ಆದರೆ ಕೂಸು ದೂರದಿಂದ ನಕ್ಕಾಗ ಅವರ ಕಣ್ಣು ತುಂಬಿಕೊಳ್ಳುವುದನ್ನು ನೋಡಿ ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಸುದ್ದಿ ಕಾಕಾನ ಕಿವಿಗೂ ಬಿತ್ತು. ಅವರು ಮತ್ತೆ ಊರೂರು ತಿರುಗಲು ಹೊರಟರು. ಈ ಸಲ ಜೀಪಿಲ್ಲ, ಮೈಕಿಲ್ಲ. ತಾವೇ ತರಿಸಿದ ಮಧ್ಯಾಹ್ನದ ಬಸ್ಸಿನಿಂದ ಬಿಳಿ ಬಟ್ಟೆಯ ಅವರು ಒಬ್ಬರೇ ಇಳಿಯುವರು. ಬಿಸಿಲಲ್ಲಿ ಓಣಿ ಹಿಡಿದು ನಡೆದು ಬಂದು ಒಂದೊಂದು ಕಟ್ಟೆಯ ಮೇಲೆ ಕೂತು, “ಯಾರಿಗೆ ಹಾಕಿದ್ರೂ ಹಾಕ್ರಿ, ಒಂದ್ ಮಾತ ಹೇಳಿಬಿಡ್ರಿ, ನಾ ಬಿಡ್ತೀನಿ” ಎನ್ನುವರು. ಎಲ್ಲ ಮನೆಯಲ್ಲೂ ಒಂದೇ ಉತ್ತರ. “ನಾವು ನಿಮಗs ಹಾಕೇವ್ರಿ ಸಾಹೇಬ್ರ, ನಮ್ಮನ್ಯಾಕ ಬಿಡ್ತೀರಿ?” ಬಿಡುಗಡೆ ಬೇಕೆಂದರೆ ತಪ್ಪು ಒಪ್ಪಬೇಕು, ಒಪ್ಪಿದರೆ ಓಣಿಯಲ್ಲಿ ತಲೆ ಎತ್ತುವಂತಿಲ್ಲ. “ಎಲ್ಲಾರೂ ನನಗs ಹಾಕ್ಯಾರಂದ್ರ ನಾ ಹ್ಯಾಂಗ ಸೋತೆ ಮಾರಾಯಾ?” ಎಂದು ಕಾಕಾ ಮಾವನ ಮುಂದೆ ನಕ್ಕರು. ಆ ನಗು ಕೇಳಲಾಗಲಿಲ್ಲ. ಬರಬರುತ್ತ ಅವರು ಬಸ್ಸಿಳಿದದ್ದು ಕಂಡರೆ ಬಾಗಿಲುಗಳು ಮುಚ್ಚತೊಡಗಿದವು. ಒಂದು ಕಾಲಕ್ಕೆ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದ ಓಣಿ ಅದು.

ನಮ್ಮ ಮನೆಯಲ್ಲಿ ಮಾತು ಎತ್ತಿದರೆ ಮಾವ ಗುಡುಗುತ್ತಿದ್ದರು. “ನಮ್ಮನ್ಯಾಗ ಅಂಥಾವ್ರು ಯಾರೂ ಇಲ್ಲ!” ಒಳಗೆ ಅತ್ತೆ ಕಲ್ಲಾಗುತ್ತಿದ್ದರು.

ಒಂದು ದಿನ ಮಾವ ಅಕ್ಕಲಕೋಟದ ಸಂತೆಗೆ ಹೋದಾಗ ಕಾಕಾ ಬಂದರು. ಎಂದಿನಂತೆ ಅಡುಗೆಮನೆಯ ನೆಲದ ಮೇಲೆ ಕೂತರು. ನಾನು ಹಿತ್ತಲಲ್ಲಿ ನೀರು ಸೇದುತ್ತಿದ್ದೆ. ಅತ್ತೆ ನನ್ನ ಹೆಸರು ಹಿಡಿದು ಚೀರಿದ್ದು ಕೇಳಿ ಓಡಿಬಂದೆ. ಮಗಳು ತೆವಳುತ್ತ ಉರಿಯುವ ಒಲೆಯ ಬಾಯಿಗೇ ಹೋಗಿದ್ದಳು. ಅತ್ತೆ ಕೈಯಳತೆಯಲ್ಲೇ ಇದ್ದರು. ಬಲಗೈ ಸೆರಗಿನೊಳಗಿಂದ ಹೊರಗೆ ಬರಲಿಲ್ಲ. ಕಾಕಾ ಹಾರಿ ಕೂಸನ್ನು ಎಳೆದುಕೊಂಡರು.

ಕಾಕಾ ಅತ್ತೆಯ ಸೆರಗನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, “ವೈನಿ, ಈಗರ ಹೇಳ್ರಿ” ಎಂದರು.

ಅತ್ತೆ ಗೋಡೆಯ ಕಡೆ ಮುಖ ಮಾಡಿ, “ನಾ ನಿಮಗ ಹಾಕಲಿಲ್ಲ... ತವರಿಗೆ ಮಾತ ಕೊಟ್ಟಿದ್ದೆ. ನನ್ನ ಬಿಡ್ರಿ” ಎಂದರು.

“ಬಿಟ್ಟೆ” ಎಂದರು ಕಾಕಾ. ಧ್ವನಿ ಒಡೆದಿತ್ತು. ಮತ್ತೊಮ್ಮೆ, “ಬಿಟ್ಟೆ ವೈನಿ” ಎಂದು ಕೂಸನ್ನು ಅತ್ತೆಯ ತೊಡೆಯ ಮೇಲೆ ಇಟ್ಟರು. ಅತ್ತೆ ಬಲಗೈ ಬಿಚ್ಚಿ ಅದರ ತಲೆಯ ಮೇಲಿಟ್ಟು ಬಿಕ್ಕಿಬಿಕ್ಕಿ ಅತ್ತರು. ನನಗೂ ಅಳು ಬಂತು.

ಕಾಕಾ ಬಾಗಿಲ ತನಕ ಹೋಗಿ ನಿಂತರು. “ಬುಟ್ಟಿ ರೊಟ್ಟಿ ಕೊಟ್ಟಾಗs ನನಗ ತಿಳಿದಿತ್ರಿ. ತಿಳಿದೂ ನಿಮ್ಮ ಮುಂದ ತಟ್ಟಿ ಹಿಡದೆ. ತಪ್ಪ ನಂದು” ಎಂದರು. ಒಂದು ಹೆಜ್ಜೆ ಹೊರಗಿಟ್ಟು ಮತ್ತೆ ತಿರುಗಿ, “ಅವಂಗ ಹೇಳಬ್ಯಾಡ್ರಿ” ಎಂದರು. ಅವನೆಂದರೆ ನಮ್ಮ ಮಾವ. ಅತ್ತೆ ಬಿಸಿ ರೊಟ್ಟಿ ಬಡಿಯುತ್ತೇನೆ, ಉಂಡು ಹೋಗಿರಿ ಎಂದು ಬೇಡಿಕೊಂಡರು. ಹಸಿವಿಲ್ಲ ಎಂದು ಹೊರಟುಹೋದರು. ತಾಲೂಕಿನಲ್ಲಿ ಯಾವ ಮನೆ ಕೈಬಿಟ್ಟರೂ ಈ ಮನೆ ತಮ್ಮದು ಎಂಬ ಒಂದು ಆಸೆ ಆ ಕೊನೆಯ ತನಕ ಉಳಿದಿತ್ತೇನೋ. ಅದನ್ನು ನಾವು ಅಂದು ಅವರಿಂದ ತೆಗೆದುಕೊಂಡೆವು. ಮತ್ತೆ ಅವರು ನಮ್ಮ ಊರಿನ ಬಸ್ಸಿನಿಂದ ಇಳಿಯಲಿಲ್ಲ. ಗೆಳೆಯ ಯಾಕೆ ಬರುತ್ತಿಲ್ಲ ಎಂದು ಮಾವ ಕೇಳುತ್ತಲೇ ಇದ್ದರು. ಅತ್ತೆ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಕಾಕಾ ಅದೇ ವರ್ಷ ಹೋದರು. ನಮ್ಮವರ ಪದ್ಧತಿಯಂತೆ ಅಕ್ಕಲಕೋಟದ ಮನೆಯ ಅಂಗಳದಲ್ಲಿ ಅವರ ದೇಹವನ್ನು ಕೂರಿಸಿದ್ದರು. ದರ್ಶನಕ್ಕೆ ಊರೂರಿನ ಮಂದಿ ಸಾಲುಗಟ್ಟಿದ್ದರು. ಹೂವು ಇಟ್ಟು, ಕಾಲಿಗೆ ಬೀಳುವುದು ವಾಡಿಕೆ. ಆದರೆ ಅಂದು ಕಾಲಿಗೆ ಬಿದ್ದವರು ಹಾಗೇ ಏಳಲಿಲ್ಲ. ಒಬ್ಬಾಕೆ ಅವರ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಟ್ಟಿದಳು. ಹಿಂದಿನವನೂ ಬಾಗಿದ. ಅವನ ಹಿಂದಿನವಳೂ... ಸಾಲು ಮುಂದೆ ಸರಿದಂತೆ ಒಬ್ಬರಾದ ಮೇಲೆ ಒಬ್ಬರು ಆ ಕಿವಿಗೆ ಬಾಯಿ ಹಚ್ಚಿ ಏನೋ ಹೇಳಿ, ಕಣ್ಣೊರಸಿಕೊಂಡು, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದರು. ಅಳುವವರಿದ್ದರೂ ಅಂಗಳದಲ್ಲಿ ಕೇಳುತ್ತಿದ್ದದ್ದು ಆ ಪಿಸುಮಾತೇ. ಅತ್ತೆ ಮೊಮ್ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದರು. “ಇದ್ದಾಗ ಬಾಗ್ಲಾ ಮುಚ್ಚಿದ್ರು. ಈಗ ಕೇಳಾಕತ್ತಾರ ನೋಡ. ಬಿಟ್ಟೆ ಅನ್ನಾಕ ಅವ್ರು ಎಲ್ಲಿ ಅದಾರ?” ಎಂದರು.

ಆಮೇಲೆ ಬಹಳ ದಿನ, ಮಧ್ಯಾಹ್ನದ ಬಸ್ಸಿನಿಂದ ಬಿಳಿ ಬಟ್ಟೆಯವರು ಯಾರೇ ಇಳಿದರೂ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಇಳಿದವರ ಮುಖ ಕಾಣುವ ತನಕ ಯಾರೂ ಉಸಿರು ಬಿಡುತ್ತಿರಲಿಲ್ಲ. ನಾನೂ ಅಷ್ಟೇ... ನನಗಂತೂ ಅವರೇ ಆಗಿರಲಿ ಎನಿಸುತ್ತಿತ್ತು.

ಈಗ ಮಾವ ಇಲ್ಲ. ಅವರು ಹೋದ ಮೇಲೆ ಅತ್ತೆ ಓಣಿಯ ಹೆಂಗಸರೆದುರು ಅಂದಿನದನ್ನೆಲ್ಲ ಹೇಳಿಕೊಂಡಿದ್ದರು, ಈಗ ಅತ್ತೆಯೂ ಇಲ್ಲ. ನಾವು ಸೋಲಾಪುರಕ್ಕೆ ಬಂದು ನೆಲೆಸಿದ್ದೇವೆ. ಇತ್ತೀಚೆಗೆ ನಮ್ಮ ಊರಿನ ಮುದುಕರೊಬ್ಬರು ಇಲ್ಲಿಯ ಡಾಕ್ಟರರಿಗೆ ತೋರಿಸಲು ಬಂದವರು, ಮಗನ ಕೈ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿದರು. ಚಹಾ ಕೊಟ್ಟೆ. ಔಷಧಿ ತಂದುಬಿಡು ಎಂದು ಮಗನನ್ನು ಕೆಳಗೆ ಕಳಿಸಿದರು. ಅವನು ಹೋದ ಮೇಲೆ ಬಟ್ಟಲು ಹಿಡಿದುಕೊಂಡೇ ಕೇಳಿದರು.

“ನಿಮ್ಮ ಅತ್ತಿನ್ನ ಸಾಹೇಬ್ರು ಬಿಡಿಸಿದಾಗ ನೀ ಅಲ್ಲೇ ಇದ್ದೆಂತಲ್ಲವ್ವಾ?”

“ಇದ್ದೆರಿ.”

“ಏನಂದ್ರು?”

“ಬಿಟ್ಟೆ ಅಂದ್ರು.”

“ಅಷ್ಟs?”

“ಅಷ್ಟೇರಿ.”

ಅವರು ಬಟ್ಟಲು ಕೆಳಗಿಟ್ಟು ತಮ್ಮ ಬಲ ಅಂಗೈಯನ್ನು ನೋಡಿಕೊಂಡರು. “ನಾನೂ ಹಾಕಿರಲಿಲ್ಲವ್ವಾ. ನಮ್ಮ ಕಟ್ಟಿ ಮ್ಯಾಲ ಎಷ್ಟ್ ಸಲ ಬಂದ್ ಕುಂತಿದ್ರು... ಹೇಳಲಿಲ್ಲ. ನೀ ಕೇಳಿದಾಕಿ. ಅವ್ರ ಬದ್ಲಿ ನೀನs ಒಮ್ಮಿ ಅಂದುಬಿಡ.”

ನನಗೆ ಯಾವ ಅಧಿಕಾರ? ಆದರೆ ಆ ವಯಸ್ಸಿನ ಮನುಷ್ಯ ಕೈ ಚಾಚಿ ಕೂತಿದ್ದರು. ಅವರ ಕೈ ಹಿಡಿದು, “ಬಿಟ್ಟೆ” ಎಂದೆ.

ಅವರು ಕಣ್ಣು ಮುಚ್ಚಿ ಕೇಳಿದರು. ಇನ್ನೂ ಏನೋ ಬರಬಹುದು ಎಂಬಂತೆ ಕಾದರು. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು ತಲೆಯಾಡಿಸಿದರು.

“ಇಲ್ಲವ್ವಾ... ಅವ್ರ ಧ್ವನಿ ಬ್ಯಾರೆ ಇತ್ತು.”

ಮಗ ಬಂದು ಅವರನ್ನು ಇಳಿಸಿಕೊಂಡು ಹೋದ. ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಹೇಳಿದ್ದು ಸರಿ. ಬೇರೆಯೇ ಇತ್ತು.